ವಿಮಾನದ ಪಯಣಕ್ಕೆ ಎಂಥ ಮುಖಗವಸು?

ಘಟ್ಟದ ತಪ್ಪಲಿನ ಹೆಬ್ರಿಗೂ ಸಮುದ್ರದಾಚೆಯ ದುಬೈ ನಗರಕ್ಕೂ ನಡುವಣ ದೂರವನ್ನು ಇಂದು ಯಾರೂ ಮೈಲಿಗಳಿಂದ ಅಳೆಯುವುದಿಲ್ಲ, ಗಂಟೆಗಳಿಂದ ಅಳೆಯುತ್ತಾರೆ. ಬಜ್ಪೆಯಲ್ಲಿ ವಿಮಾನ ನಿಲ್ದಾಣವು ಆರಂಭವಾದುದು 1951ರಲ್ಲಿ. 2006ರಿಂದ ಅಲ್ಲಿಂದ ಗಲ್ಫ್ ನಾಡಿಗೆ ನೇರವಾಗಿ ವಿಮಾನಗಳು ಹಾರತೊಡಗಿದುವು. ರಾತ್ರಿ ದುಬೈಯಲ್ಲಿ ವಿಮಾನವನ್ನೇರಿದ ಮಗನು ಮರುದಿನ ಬೆಳಗಿನ ಕಾಫಿಯ ಹೊತ್ತಿಗೆ ಮೂಡುಬಿದಿರೆ, ಕಾರ್ಕಳಗಳನ್ನು ದಾಟಿ ಹೆಬ್ರಿಯ ತನ್ನ ಮನೆಯ ಜಗಲಿಯಲ್ಲಿ ಅಜ್ಜಿಯ ಪಕ್ಕದಲ್ಲಿ ಕುಳಿತಿರಬಲ್ಲನು.

ಈ ವೇಗದಿಂದ ನಮಗೆ ಆಗಿರುವ ಅನುಕೂಲವು ಅಷ್ಟಿಷ್ಟಲ್ಲ. ಆದರೆ ಅದರ ಜೊತೆಗೆ ಒಂದು ತೊಡಕೂ ಬಂದಿದೆ. ಹಾಯಿಹಡಗಿನ ಕಾಲದಲ್ಲಿ ಸೋಂಕು ತಗಲಿದ ಪ್ರಯಾಣಿಕನು ಊರು ಮುಟ್ಟುವುದಕ್ಕೆ ಮೊದಲೇ ಹಡಗಿನಲ್ಲಿ ಹಾಸಿಗೆ ಹಿಡಿಯುತ್ತಿದ್ದನು. ಇನ್‌ಫ್ಲುಯೆಂಜಾ ಜ್ವರವು ಸೋಂಕಿದ ಮೇಲೆ ತನ್ನ ಗುರುತನ್ನು ತೋರಿಸಲು ಒಂದರಿಂದ ನಾಲ್ಕು ದಿನಗಳು ಬೇಕು. ವಿಮಾನಕ್ಕಾದರೋ ನಾಲ್ಕು ಗಂಟೆ ಸಾಕು. ರೋಗವು ಮುಖ ತೋರಿಸುವ ಮೊದಲೇ ರೋಗಿಯು ಮನೆಗೆ ಬಂದಿರುತ್ತಾನೆ. ತಾನು ರೋಗಿಯೆಂಬುದು ಅವನಿಗೂ ತಿಳಿದಿರುವುದಿಲ್ಲ.

ಇದಕ್ಕೆ ನಮ್ಮ ಜಿಲ್ಲೆಗಳಲ್ಲಿಯೇ ನಿದರ್ಶನ ಉಂಟು. ಕೋವಿಡ್ ವ್ಯಾಧಿಯ ದಿನಗಳಲ್ಲಿ, 2020ರ ಮೇ 12ರ ರಾತ್ರಿ, ಹೊರನಾಡಿನಲ್ಲಿ ಸಿಕ್ಕಿಕೊಂಡಿದ್ದ ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಜನರನ್ನು ಹೊತ್ತ ಮೊದಲ ವಿಮಾನವು ದುಬೈಯಿಂದ ಬಜ್ಪೆಗೆ ಬಂದಿಳಿಯಿತು. ಬಂದವರನ್ನು ಮನೆಗೆ ಬಿಡದೆ ಪ್ರತ್ಯೇಕವಾಗಿ ಇರಿಸಲಾಯಿತು. ಕೆಲವೇ ದಿನಗಳಲ್ಲಿ ಅವರಲ್ಲಿ ಹಲವರಿಗೆ ಸೋಂಕು ಇದ್ದುದು ಪರೀಕ್ಷೆಯಿಂದ ಗೊತ್ತಾಯಿತು. ಇಂದು ಅಂತಹ ನಿರ್ಬಂಧಗಳಿಲ್ಲ. ವಿಮಾನದಲ್ಲಿ ಮುಖಗವಸು ಕಡ್ಡಾಯವೆಂಬ ನಿಯಮವನ್ನು ನಮ್ಮ ದೇಶದಲ್ಲಿ 2022ರ ನವೆಂಬರ್ 16ರಂದು ಕೈಬಿಡಲಾಯಿತು. ಆದರೆ ಮನೆಯಲ್ಲಿ ವಯಸ್ಸಾದ ಅಜ್ಜನೋ, ಅರ್ಬುದರೋಗದ ಚಿಕಿತ್ಸೆಗಾಗಿ ಮಣಿಪಾಲಕ್ಕೆ ಹೋಗಿಬರುತ್ತಿರುವ ತಾಯಿಯೋ, ಹಸುಗೂಸೋ ಇರುವವರಿಗೆ ಪ್ರಶ್ನೆಯು ಇನ್ನೂ ಮುಗಿದಿಲ್ಲ. ನಮಗೆ ಎರಡು ದಿನದ ನೆಗಡಿಯಾಗಿ ಹೋಗುವ ಸೋಂಕು ಅವರಿಗೆ ಪ್ರಾಣಾಪಾಯವಾಗಬಹುದು. ಹೀಗಿರುವಲ್ಲಿ, ಮಾಸ್ಕ್ ಎಂದು ನಾವೆಲ್ಲರೂ ಕರೆಯುವ ಮುಖಗವಸನ್ನು ಆರಿಸಿಕೊಳ್ಳುವುದು ಹೇಗೆ? ಅಂಗಡಿಯಲ್ಲಿ ನೂರು ಬಗೆಗಳಿವೆ. ಭೌತಶಾಸ್ತ್ರದ ನಾಲ್ಕಾರು ತತ್ತ್ವಗಳು ಗೊತ್ತಿದ್ದರೆ ಆಯ್ಕೆಯು ಸುಲಭ.

ಗಾಳಿಯಲ್ಲಿ ತೇಲುವ ಕಣಗಳು

ಮೊದಲು ನಾವು ತಡೆಯಬೇಕಾದುದು ಏನನ್ನು ಎಂಬುದನ್ನು ನೋಡೋಣ. ಮನುಷ್ಯನು ಮಾತನಾಡಿದಾಗ, ಕೆಮ್ಮಿದಾಗ, ಬರಿದೆ ಉಸಿರಾಡಿದಾಗಲೂ ಬಾಯಿ ಮೂಗುಗಳಿಂದ ದ್ರವದ ಹನಿಗಳು ಹೊರಬೀಳುತ್ತವೆ. ರೋಗಾಣುಗಳು ಈ ಹನಿಗಳನ್ನೇರಿ ಸಂಚರಿಸುತ್ತವೆ. ಹನಿಗಳ ಗಾತ್ರವನ್ನು ಅಳೆಯಲು ಮೈಕ್ರಾನ್ ಎಂಬ ಮಾನವನ್ನು ಉಪಯೋಗಿಸುತ್ತಾರೆ. ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನೂರು ಮೈಕ್ರಾನ್ ಅಡ್ಡಳತೆಯ ಹನಿಯು ನಿಶ್ಚಲವಾದ ಗಾಳಿಯಲ್ಲಿ ಒಂದು ಮೀಟರು ಕೆಳಕ್ಕೆ ಬೀಳಲು ನಾಲ್ಕು ಸೆಕೆಂಡು ಸಾಕು. ಹತ್ತು ಮೈಕ್ರಾನಿನ ಹನಿಗೆ ಐದಾರು ನಿಮಿಷ ಬೇಕು. ಒಂದೇ ಮೈಕ್ರಾನಿನ ಕಣಕ್ಕಾದರೋ ಸುಮಾರು ಎಂಟು ಗಂಟೆ ಹಿಡಿಯುತ್ತದೆ!

ಕಣವು ಚಿಕ್ಕದಾದಷ್ಟೂ ಅದರ ತೂಕವು ಗಾಳಿಯ ಎಳೆತಕ್ಕಿಂತ ಬಹುವೇಗವಾಗಿ ಕುಗ್ಗುವುದೇ ಇದಕ್ಕೆ ಕಾರಣ. ಹೆಬ್ರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೋಮೇಶ್ವರದಿಂದ ಆಗುಂಬೆಯ ಘಾಟಿಯನ್ನು ಹತ್ತುವಾಗ ದಾರಿಯನ್ನು ಮುಚ್ಚುವ ಮಂಜು ನೀರಿನ ಹನಿಗಳಲ್ಲದೆ ಬೇರೆಯಲ್ಲ. ಮಳೆಯ ಹನಿ ಬೀಳುತ್ತದೆ, ಮಂಜಿನ ಹನಿ ತೇಲುತ್ತದೆ. ರೋಗಿಯ ಉಸಿರಿನಲ್ಲಿ ಮಳೆಯೂ ಇದೆ, ಮಂಜೂ ಇದೆ. ಬಾಯಿಗೆ ಅಡ್ಡ ಹಿಡಿದ ಕರವಸ್ತ್ರವು ಮಳೆಯನ್ನು ತಡೆದೀತು. ಮುಚ್ಚಿದ ಕೋಣೆಯಲ್ಲಿ ಅಪಾಯಕಾರಿಯಾದುದು ಮಂಜು.

ಗವಸು ಜರಡಿಯಲ್ಲ

ಉಸಿರಿನ ಮೂಲಕ ರೋಗ ಹರಡುವುದನ್ನು ಗವಸಿನಿಂದ ತಡೆಯುವ ಪ್ರಯತ್ನವು ದೊಡ್ಡ ಪ್ರಮಾಣದಲ್ಲಿ ನಡೆದುದು 1910-11ರಲ್ಲಿ, ಮಂಚೂರಿಯದಲ್ಲಿ. ಅಲ್ಲಿ ಶ್ವಾಸಕೋಶದ ಪ್ಲೇಗು ಕಾಣಿಸಿಕೊಂಡು ಸುಮಾರು ಅರುವತ್ತು ಸಾವಿರ ಜನರು ಮಡಿದರು. ಪ್ಲೇಗನ್ನು ಹರಡುವುದು ಇಲಿಗಳು ಎಂಬ ನಂಬಿಕೆಯು ಬಲವಾಗಿದ್ದ ಕಾಲವದು. ಮಲಯದ ಪೆನಾಂಗಿನಲ್ಲಿ ಹುಟ್ಟಿದ ವೈದ್ಯ ವು ಲಿಯೆನ್-ತೆ ಎಂಬವರು, ಈ ಪ್ಲೇಗು ಉಸಿರಿನಿಂದ ಹರಡುತ್ತಿದೆಯೆಂದು ಕಂಡುಕೊಂಡು, ಗಾಜುಬಟ್ಟೆ ಮತ್ತು ಹತ್ತಿಯ ಪದರಗಳಿಂದ ಗವಸುಗಳನ್ನು ಮಾಡಿಸಿ ಎಲ್ಲರಿಗೂ ತೊಡಿಸಿದರು. ಮೆನಿ ಎಂಬ ಹಿರಿಯ ಫ್ರೆಂಚ್ ವೈದ್ಯರು ಇದನ್ನು ಒಪ್ಪದೆ ಗವಸಿಲ್ಲದೆ ರೋಗಿಗಳನ್ನು ನೋಡಿದರು. ಕೆಲವೇ ದಿನಗಳಲ್ಲಿ ಅದೇ ರೋಗದಿಂದ ತೀರಿಕೊಂಡರು.

ಆ ಹತ್ತಿಯ ಪದರದ ವಂಶದಲ್ಲಿಯೇ ಇಂದಿನ ಗವಸು ಹುಟ್ಟಿದೆ. ಅದು ಕೆಲಸ ಮಾಡುವ ಬಗೆಯನ್ನು ಅನೇಕರು ತಪ್ಪಾಗಿ ತಿಳಿದಿದ್ದಾರೆ. ಅಕ್ಕಿಯ ಜರಡಿಯಲ್ಲಿ ತೂತಿಗಿಂತ ದೊಡ್ಡದು ಉಳಿಯುತ್ತದೆ, ಚಿಕ್ಕದು ಜಾರುತ್ತದೆ. ಗವಸೂ ಹೀಗೆಯೇ ಎಂದೆಣಿಸಿ, "ವೈರಸ್ಸು ಗವಸಿನ ತೂತಿಗಿಂತ ಚಿಕ್ಕದಲ್ಲವೇ? ಮತ್ತೆ ಗವಸಿನಿಂದೇನು ಲಾಭ?" ಎಂದು ಕೇಳುವವರುಂಟು. ತರಗತಿಯಲ್ಲಿ ನನ್ನ ವಿದ್ಯಾರ್ಥಿಗಳೂ ಕೇಳಿದ್ದಾರೆ. ಪ್ರಶ್ನೆ ಒಳ್ಳೆಯದೇ. ಉತ್ತರವು ಕಾಡಿನಲ್ಲಿದೆ. ಬೆಳಗಿನ ಹೊತ್ತು ಜೇಡನ ಬಲೆಯ ಮೇಲೆ ಮಂಜಿನ ಹನಿಗಳು ಸಾಲಾಗಿ ಕುಳಿತಿರುವುದನ್ನು ನೋಡಿ. ಬಲೆಯ ಕಣ್ಣುಗಳು ಹನಿಗಳಿಗಿಂತ ನೂರಾರು ಪಾಲು ದೊಡ್ಡವು. ಆದರೂ ಹನಿಗಳು ಸಿಕ್ಕಿಬಿದ್ದಿವೆ. ಎಳೆಗೆ ಒಮ್ಮೆ ತಗಲಿದ ಕಣವು ಅಲ್ಲಿಯೇ ಅಂಟಿಕೊಳ್ಳುತ್ತದೆ, ಅಷ್ಟೆ. ಗವಸೆಂದರೆ ಇಂತಹ ಸಾವಿರಾರು ಬಲೆಗಳನ್ನು ಒಂದರ ಹಿಂದೊಂದು ಒಟ್ಟಿದ ಪೊದೆ. ಕಣವು ಯಾವುದಾದರೊಂದು ಎಳೆಗೆ ತಗಲುವಂತೆ ಮಾಡುವುದೇ ಅದರ ಕೆಲಸ.

ತಗಲುವ ಬಗೆಗಳು ಮುಖ್ಯವಾಗಿ ನಾಲ್ಕು. ಮೊದಲನೆಯದು ಜಡತ್ವ. ಗಾಳಿಯು ಎಳೆಯನ್ನು ಬಳಸಿಕೊಂಡು ತಿರುಗಿ ಹೋಗುತ್ತದೆ. ಆದರೆ ವೇಗವಾಗಿ ಬಂದ ಭಾರದ ಲಾರಿಯು ಘಾಟಿಯ ತಿರುವಿನಲ್ಲಿ ತಿರುಗಲಾರದೆ ಗೋಡೆಗೆ ಗುದ್ದುವಂತೆ, ದೊಡ್ಡ ಕಣವು ನೇರವಾಗಿ ಹೋಗಿ ಎಳೆಗೆ ಬಡಿಯುತ್ತದೆ. ಎರಡನೆಯದು ಸವರಿಕೆ, ಗಾಳಿಯೊಡನೆ ತಿರುಗಿದರೂ ಕಣದ ಮೈಯು ಎಳೆಯನ್ನು ಸವರಿ ಅಂಟಿಕೊಳ್ಳುತ್ತದೆ. ಮೂರನೆಯದು ಬ್ರೌನ್ ಚಲನೆ. ಅತಿ ಚಿಕ್ಕ ಕಣಗಳನ್ನು ಗಾಳಿಯ ಅಣುಗಳು ಎಲ್ಲ ಕಡೆಗಳಿಂದಲೂ ತಳ್ಳುವುದರಿಂದ ಅವು ದಿಕ್ಕುಗೆಟ್ಟು ಅಲೆಯುತ್ತವೆ. 1905ರಲ್ಲಿ ಐನ್‌ಸ್ಟೈನರು ಗಣಿತದಿಂದ ವಿವರಿಸಿದುದು ಇದನ್ನೇ. ಹೀಗೆ ಅಲೆಯುವ ಕಣವು ಪೊದೆಯನ್ನು ದಾಟುವುದರೊಳಗೆ ಎಲ್ಲಿಯಾದರೂ ಎಳೆಗೆ ತಗಲಿಯೇ ತಗಲುತ್ತದೆ. ನಾಲ್ಕನೆಯದು ವಿದ್ಯುತ್ತಿನ ಸೆಳೆತ. ತಲೆ ಬಾಚಿದ ಹಣಿಗೆಯು ಕಾಗದದ ಚೂರುಗಳನ್ನು ಎಳೆಯುವುದಿಲ್ಲವೇ? ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕನ್ನು ಕರಗಿಸಿ, ಬಿಸಿಗಾಳಿಯಿಂದ ಊದಿ, ಕೆಲವೇ ಮೈಕ್ರಾನ್ ದಪ್ಪದ ಎಳೆಗಳನ್ನು ಮಾಡಿ, ಅವುಗಳಿಗೆ ಬಹುಕಾಲ ಉಳಿಯುವ ವಿದ್ಯುದಾವೇಶವನ್ನು ಕೊಡುತ್ತಾರೆ. ಇದರಿಂದ ಗವಸು ತೆಳ್ಳಗಿದ್ದು ಉಸಿರಾಟಕ್ಕೆ ಹಗುರವಾಗಿದ್ದರೂ ಕಣಗಳನ್ನು ಚೆನ್ನಾಗಿ ಹಿಡಿಯುತ್ತದೆ.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ದೊಡ್ಡ ಕಣವು ಜಡತ್ವದಿಂದ ಸಿಕ್ಕುತ್ತದೆ. ಅತಿ ಚಿಕ್ಕದು ಅಲೆದಾಟದಿಂದ ಸಿಕ್ಕುತ್ತದೆ. ತಪ್ಪಿಸಿಕೊಳ್ಳುವುದು ನಡುವಿನದು! ಆವೇಶವಿಲ್ಲದ ಶೋಧಕದಲ್ಲಿ ಅದರ ಗಾತ್ರ ಸುಮಾರು 0.3 ಮೈಕ್ರಾನ್, ಆವೇಶವಿರುವುದರಲ್ಲಿ ಇನ್ನೂ ಕೊಂಚ ಕಿರಿದು. ಶೋಧಕಗಳನ್ನು ಪರೀಕ್ಷಿಸುವವರು ಬೇಕೆಂದೇ ಇಂತಹ ಕಠಿನ ಕಣಗಳನ್ನು ಹಾಯಿಸುತ್ತಾರೆ. ಆ ಪರೀಕ್ಷೆಯಲ್ಲಿ ನೂರಕ್ಕೆ 95ನ್ನಾದರೂ ಹಿಡಿಯುವುದಕ್ಕೆ ಅಮೆರಿಕದ ಕ್ರಮದಂತೆ ಎನ್-95 ಎಂದು ಹೆಸರು. ಯುರೋಪಿನ ಎಫ್‌ಎಫ್‌ಪಿ-2 ಮತ್ತು ಕೊರಿಯದ ಕೆಎಫ್-94 ಎಂಬವು ನೂರಕ್ಕೆ 94ನ್ನೂ ಚೀನದ ಕೆಎನ್-95 ಎಂಬುದು 95ನ್ನೂ ಹಿಡಿಯಬೇಕು. ನಮ್ಮ ದೇಶದಲ್ಲಿ ಇದಕ್ಕೆ ಐ.ಎಸ್. 9473 ಎಂಬ ಮಾನಕವಿದೆ. ಕೊಳ್ಳುವಾಗ ಈ ಸಂಖ್ಯೆಯೂ ಐ.ಎಸ್.ಐ. ಮುದ್ರೆಯೂ ಎಫ್‌ಎಫ್‌ಪಿ-2 ಎಂಬ ಅಕ್ಷರಗಳೂ ಇವೆಯೇ ಎಂದು ನೋಡಬೇಕು.

ಸಂದಿಯ ಗಣಿತ

ಹಾಗಾದರೆ ಅತಿ ಹೆಚ್ಚಿನ ಸಂಖ್ಯೆಯ ಗವಸನ್ನು ಕೊಂಡರೆ ಮುಗಿಯಿತೇ? ಮುಗಿಯಲಿಲ್ಲ. ಗಾಳಿಯು ನೀರಿನಂತೆಯೇ ಸುಲಭವಾದ ದಾರಿಯನ್ನು ಹಿಡಿಯುತ್ತದೆ. ಗದ್ದೆಯ ಅಂಚಿನಲ್ಲಿ ಏಡಿಯ ಬಿಲವೊಂದಿದ್ದರೆ ಅಂಚು ಎಷ್ಟು ಎತ್ತರವಿದ್ದರೇನು? ಗವಸಿನ ಬಟ್ಟೆಯನ್ನು ಹಾಯುವುದಕ್ಕೆ ಗಾಳಿಗೆ ಅಡ್ಡಿಯಿದೆ. ಮೂಗಿನ ಪಕ್ಕದ ಸಂದಿಯಲ್ಲಿ ಅಡ್ಡಿಯಿಲ್ಲ.

ಒಂದು ಲೆಕ್ಕವನ್ನು ಮಾಡೋಣ. ನೂರಕ್ಕೆ 99 ಕಣಗಳನ್ನು ಹಿಡಿಯುವ ಗವಸೊಂದು ಕೆನ್ನೆಗೆ ಸರಿಯಾಗಿ ಕೂರದೆ, ಒಳಬರುವ ಗಾಳಿಯ ಹತ್ತನೆಯ ಒಂದು ಪಾಲು ಸಂದಿಯಿಂದ ನುಸುಳುತ್ತದೆ ಎಂದಿಟ್ಟುಕೊಳ್ಳಿ. ನೂರು ಕಣಗಳಲ್ಲಿ 10 ಸಂದಿಯಿಂದ ಬಂದುವು. ಉಳಿದ 90ರಲ್ಲಿ ಬಟ್ಟೆಯನ್ನು ದಾಟಿದುದು ಒಂದಕ್ಕಿಂತ ಕಡಮೆ. ಒಟ್ಟು ಸುಮಾರು 11. ಇನ್ನೊಂದು ಗವಸು ನೂರಕ್ಕೆ 94ನ್ನು ಮಾತ್ರ ಹಿಡಿಯುತ್ತದೆ. ಆದರೆ ಮುಖಕ್ಕೆ ಚೆನ್ನಾಗಿ ಹೊಂದಿಕೊಂಡು ಗಾಳಿಯ ನೂರರಲ್ಲಿ 2 ಪಾಲನ್ನು ಮಾತ್ರ ಸಂದಿಯಿಂದ ಬಿಡುತ್ತದೆ. ಸಂದಿಯಿಂದ 2, ಬಟ್ಟೆಯಿಂದ ಸುಮಾರು 6, ಒಟ್ಟು 8. ಕಡಮೆ ಸಂಖ್ಯೆಯ ಗವಸೇ ಗೆದ್ದಿತು! ಆದುದರಿಂದ ಗವಸನ್ನು ಆರಿಸುವಾಗ ಕೇಳಬೇಕಾದ ಮೊದಲನೆಯ ಪ್ರಶ್ನೆ, "ಇದರ ಬಟ್ಟೆ ಎಷ್ಟು ಉತ್ತಮ?" ಎಂದಲ್ಲ, "ಇದು ನನ್ನ ಮುಖಕ್ಕೆ ಕೂರುವುದೇ?" ಎಂಬುದು. ಸರ್ಜಿಕಲ್ ಮಾಸ್ಕ್ ಎಂಬ ನೀಲಿ ಗವಸಿನ ಬಟ್ಟೆಯು ಅನೇಕ ಸಲ ಚೆನ್ನಾಗಿಯೇ ಇರುತ್ತದೆ. ಅದು ಸೋಲುವುದು ಕೆನ್ನೆಯ ಪಕ್ಕದಲ್ಲಿ.

ವಿಮಾನದೊಳಗಿನ ಗಾಳಿ

ಈಗ ವಿಮಾನವನ್ನೇರೋಣ. ಹಾರುತ್ತಿರುವ ದೊಡ್ಡ ಜೆಟ್ ವಿಮಾನದ ಒಳಗಿನ ಗಾಳಿಯು ನಾವು ಅಂಜುವಷ್ಟು ಕೆಟ್ಟದ್ದಲ್ಲ. ಅದು ಗಂಟೆಗೆ 20ರಿಂದ 30 ಬಾರಿ ಬದಲಾಗುತ್ತದೆ. ಸುಮಾರು ಅರ್ಧವು ಹೊರಗಿನ ಶುದ್ಧ ಗಾಳಿ; ಉಳಿದರ್ಧವು ಹೆಪಾ ಎಂಬ ಶೋಧಕದ ಮೂಲಕ ಹಾಯ್ದು ಮರಳಿ ಬರುವ ಗಾಳಿ. ಈ ಶೋಧಕವು 0.3 ಮೈಕ್ರಾನಿನ ಕಣಗಳಲ್ಲಿ ನೂರಕ್ಕೆ 99.97ನ್ನು ಹಿಡಿಯುತ್ತದೆ. ಗಾಳಿಯು ಮೇಲಿನಿಂದ ಕೆಳಕ್ಕೆ ಹರಿಯುವಂತೆಯೂ ಏರ್ಪಾಡಿದೆ. ಆದರೆ ಪಕ್ಕದಲ್ಲಿ ಕುಳಿತವನ ಉಸಿರು ಶೋಧಕವನ್ನು ಮುಟ್ಟುವ ಮೊದಲೇ ನಮ್ಮ ಮೂಗನ್ನು ಮುಟ್ಟಬಹುದಷ್ಟೆ. ಅಲ್ಲದೆ, ಈ ಏರ್ಪಾಡು ನಡೆಯುವುದು ಯಂತ್ರವು ನಡೆಯುತ್ತಿರುವಾಗ.

ಯಂತ್ರ ನಿಂತರೆ ಏನಾಗುತ್ತದೆ ಎಂಬುದಕ್ಕೆ 1977ರಲ್ಲಿ ಅಲಾಸ್ಕದಲ್ಲಿ ನಡೆದ ಘಟನೆಯು ಪ್ರಸಿದ್ಧ. 54 ಜನರಿದ್ದ ವಿಮಾನವೊಂದು ಎಂಜಿನ್ನಿನ ತೊಂದರೆಯಿಂದ ನೆಲದ ಮೇಲೆ ಸುಮಾರು ಮೂರು ಗಂಟೆ ನಿಂತಿತು. ಗಾಳಿಯಾಡಿಸುವ ಯಂತ್ರವೂ ನಿಂತಿದ್ದಿತು. ಒಳಗೆ ಒಬ್ಬರಿಗೆ ಇನ್‌ಫ್ಲುಯೆಂಜಾ ಇದ್ದಿತು. ಮೂರು ದಿನಗಳೊಳಗೆ ನೂರಕ್ಕೆ 72ರಷ್ಟು ಪ್ರಯಾಣಿಕರು ಕಾಯಿಲೆ ಬಿದ್ದರು.

ನಮ್ಮವರಿಗೆ ಪರಿಚಿತವಾದ ದುಬೈಯಿಂದಲೇ ಹೊರಟ ಇನ್ನೊಂದು ವಿಮಾನದ ಕಥೆಯೂ ಇದೆ. 2020ರ ಸೆಪ್ಟೆಂಬರ್ 29ರಂದು ಅದು 86 ಪ್ರಯಾಣಿಕರೊಡನೆ ನ್ಯೂಜಿಲೆಂಡನ್ನು ತಲುಪಿತು. ಅಲ್ಲಿ ಪ್ರತ್ಯೇಕವಾಗಿರಿಸಿದವರಲ್ಲಿ ಏಳು ಮಂದಿಗೆ ಕೋವಿಡ್ ಇರುವುದು ಕಂಡುಬಂದಿತು. ವೈರಸ್ಸಿನ ವಂಶವಾಹಿಗಳನ್ನು ಹೋಲಿಸಿದಾಗ, ಕನಿಷ್ಠ ನಾಲ್ವರಿಗೆ ವಿಮಾನದಲ್ಲಿಯೇ ಸೋಂಕು ತಗಲಿದುದು ಸ್ಪಷ್ಟವಾಯಿತು. ಅವರು ಹತ್ತಿರ ಹತ್ತಿರದ ಸಾಲುಗಳಲ್ಲಿ ಕುಳಿತಿದ್ದರು. ಗವಸು ಹಾಕಿಕೊಂಡಿದ್ದುದಾಗಿ ಅವರಲ್ಲಿ ಹಲವರು ಹೇಳಿದರು. ದಾರಿಯಲ್ಲಿ ಕ್ವಾಲಾಲಂಪುರದಲ್ಲಿ ಇಂಧನ ತುಂಬುವಾಗ ಸುಮಾರು ಅರ್ಧ ಗಂಟೆ ಗಾಳಿಯಾಡಿಸುವ ಯಂತ್ರಕ್ಕೆ ಶಕ್ತಿ ಕೊಡುವ ಘಟಕವು ನಿಂತಿದ್ದುದೂ ತಿಳಿದುಬಂದಿತು.

ಇದರಿಂದ ಕಲಿಯಬೇಕಾದ ಪಾಠವಿಷ್ಟು. ವಿಮಾನವು ಆಕಾಶದಲ್ಲಿರುವಾಗ ಗವಸು ಹಾಕಿ, ನೆಲದಲ್ಲಿರುವಾಗ ತೆಗೆಯುವುದು ತಲೆಕೆಳಗಾದ ಕ್ರಮ. ನಿಲ್ದಾಣದ ಸಾಲು, ಏರುವ ಮೊದಲಿನ ಕಾಯುವಿಕೆ, ಬಾಗಿಲು ಮುಚ್ಚಿ ನಿಂತ ವಿಮಾನ, ಇಳಿಯಲು ಎಲ್ಲರೂ ಎದ್ದು ನಿಂತ ಹೊತ್ತು, ಇವೇ ಹೆಚ್ಚು ಜಾಗರೂಕತೆಯ ಸಮಯಗಳು. ನಿಲ್ದಾಣದ ಬಾಗಿಲಲ್ಲಿ ಧರಿಸಿದುದನ್ನು ಊರಿನ ನಿಲ್ದಾಣದ ಹೊರಗೆ ತೆಗೆಯಬೇಕು.

ಊಟದ ಹದಿನೈದು ನಿಮಿಷ

"ಊಟಕ್ಕೆಂದು ಸ್ವಲ್ಪ ಹೊತ್ತು ತೆಗೆದರೆ ಏನು ಮಹಾ?" ಎನ್ನಬಹುದು. ಇದನ್ನೂ ಲೆಕ್ಕದಿಂದಲೇ ನೋಡೋಣ. ಪಯಣವು ನಾಲ್ಕು ಗಂಟೆ, ಎಂದರೆ 240 ನಿಮಿಷ. ಗಾಳಿಯಲ್ಲಿ ಕಣಗಳು ಒಂದೇ ಸಮನಾಗಿವೆ ಎಂದಿಟ್ಟುಕೊಳ್ಳಿ. ಮೇಲೆ ಹೇಳಿದ ಒಳ್ಳೆಯ ಗವಸಿನಲ್ಲಿ ನೂರಕ್ಕೆ 8 ಕಣ ಒಳಬರುವುದರಿಂದ, ಉದ್ದಕ್ಕೂ ಧರಿಸಿದವನು ಸುಮಾರು 19 ನಿಮಿಷ ಬರಿಮುಖದಲ್ಲಿ ಕುಳಿತಷ್ಟು ಕಣಗಳನ್ನು ಸೇದುತ್ತಾನೆ. ಹದಿನೈದು ನಿಮಿಷ ತೆಗೆದವನಾದರೋ ಆ 15 ನಿಮಿಷದ ಪೂರ್ಣ ಪಾಲನ್ನೂ, ಉಳಿದ 225 ನಿಮಿಷಗಳ ಪಾಲೆಂದು 18ನ್ನೂ ಸೇದುತ್ತಾನೆ. ಒಟ್ಟು 33. ಹದಿನಾರನೆಯ ಒಂದು ಪಾಲು ಸಮಯದ ಅಲಕ್ಷ್ಯದಿಂದ ಒಟ್ಟು ಕಣಗಳು ಹೆಚ್ಚುಕಡಮೆ ಇಮ್ಮಡಿಯಾದುವು! ಊಟ ಬಂದಾಗ ಅಕ್ಕಪಕ್ಕದವರೆಲ್ಲರೂ ಒಟ್ಟಿಗೇ ಬಾಯಿ ತೆರೆಯುತ್ತಾರೆ ಎಂಬುದನ್ನು ಸೇರಿಸಿದರೆ ಅಪಾಯವು ಇನ್ನೂ ಹೆಚ್ಚು. ಆದುದರಿಂದ ನಿಲ್ದಾಣವನ್ನು ಹೊಗುವ ಮೊದಲೇ ಹೊಟ್ಟೆ ತುಂಬ ಉಂಡಿರುವುದು ಜಾಣತನ. ನೀರನ್ನು ಕುಡಿಯಲೇಬೇಕು, ಏಕೆಂದರೆ ಒಳಗಿನ ಗಾಳಿ ಬಹಳ ಒಣಗಿದುದು. ವಿಮಾನವು ಹಾರುತ್ತಿರುವಾಗ, ಗವಸನ್ನು ಒಂದು ಗುಟುಕಿನ ಹೊತ್ತು ಸರಿಸಿ ಕುಡಿದರಾಯಿತು.

ಗವಸಿನಿಂದ ಆಮ್ಲಜನಕ ಕಡಮೆಯಾಗುವುದೆಂಬ ಭಯವು ಹುರುಳಿಲ್ಲದ್ದು. ಆಮ್ಲಜನಕದ ಅಣುವು 0.3 ಮೈಕ್ರಾನಿನ ಕಣಕ್ಕಿಂತ ಸುಮಾರು ಸಾವಿರ ಪಾಲು ಚಿಕ್ಕದು. ಅದು ತಡೆಯಿಲ್ಲದೆ ಹಾಯುತ್ತದೆ. ಆದರೆ ವಿಮಾನದೊಳಗಿನ ಒತ್ತಡವೇ ಆರೇಳು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ಕಡಮೆಯಿರುತ್ತದೆ. ಶ್ವಾಸಕೋಶ ಅಥವಾ ಹೃದಯದ ರೋಗವಿರುವ ಹಿರಿಯರು ತಾವೇ ಪಯಣಿಸುವುದಾದರೆ ಮುಂಚಿತವಾಗಿ ವೈದ್ಯರನ್ನು ಕೇಳಿಯೇ ಹೊರಡಬೇಕು.

ಆರಿಸುವ ಕ್ರಮ

ಇಷ್ಟರಿಂದ ಆಯ್ಕೆಯ ಸೂತ್ರಗಳು ತಾವಾಗಿಯೇ ಹೊರಡುತ್ತವೆ. ಪಯಣಕ್ಕೆ ಒಂದೆರಡು ವಾರ ಮೊದಲೇ ಎರಡು ಮೂರು ಆಕಾರದ ಗವಸುಗಳನ್ನು ಒಂದೊಂದು ಕೊಂಡು ಪರೀಕ್ಷಿಸಬೇಕು. ಬಟ್ಟಲಿನಂಥದು ಒಬ್ಬರಿಗೆ ಕೂತರೆ ದೋಣಿಯಂತೆ ಮಡಚುವಂಥದು ಇನ್ನೊಬ್ಬರಿಗೆ ಕೂರುತ್ತದೆ. ಕಿವಿಗೆ ಸಿಕ್ಕಿಸುವ ದಾರಕ್ಕಿಂತ ತಲೆಯ ಹಿಂದೆ ಬರುವ ಎರಡು ಪಟ್ಟಿಗಳು ಗವಸನ್ನು ಹೆಚ್ಚು ಬಿಗಿಯಾಗಿ ಹಿಡಿಯುತ್ತವೆ. ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಎರಡೂ ಕೈಗಳ ಬೆರಳುಗಳಿಂದ ಒತ್ತಿ ಕೂರಿಸಬೇಕು. ಬಳಿಕ ಅಂಗೈಗಳನ್ನು ಗವಸಿನ ಮೇಲಿಟ್ಟು ಜೋರಾಗಿ ಉಸಿರು ಬಿಡಿ. ಕಣ್ಣಿನ ಕಡೆಗೋ ಕೆನ್ನೆಯ ಕಡೆಗೋ ಗಾಳಿ ತಗಲಿದರೆ ಸಂದಿಯಿದೆ. ಕನ್ನಡಕದ ಮೇಲೆ ಹಬೆ ಕೂಡುವುದೂ ಅದೇ ಸುಳಿವು. ಗವಸಿನ ಅಂಚಿನ ಕೆಳಗೆ ಗಡ್ಡವಿದ್ದರೆ ಯಾವ ಗವಸೂ ಕೂರುವುದಿಲ್ಲ. ಪಯಣದ ಬೆಳಿಗ್ಗೆ ಕ್ಷೌರ ಮಾಡಿಕೊಳ್ಳುವುದು ಲೇಸು.

ಉಸಿರು ಬಿಡಲು ಕವಾಟವಿರುವ ಗವಸು ಧರಿಸಿದವನನ್ನು ಕಾಪಾಡೀತು, ಆದರೆ ಅವನ ಉಸಿರನ್ನು ಶೋಧಿಸದೆ ಹೊರಗೆ ಬಿಡುತ್ತದೆ. ಹಿರಿಯರ ಜೊತೆಯಲ್ಲಿ ಪಯಣಿಸುವವನಿಗೆ ಅದು ತಕ್ಕುದಲ್ಲ. 2020ರ ಜುಲೈಯಲ್ಲಿ ಕೇಂದ್ರದ ಆರೋಗ್ಯ ಅಧಿಕಾರಿಗಳೂ ಸಾರ್ವಜನಿಕರು ಅದನ್ನು ಬಳಸುವುದರ ವಿರುದ್ಧ ಎಚ್ಚರಿಸಿದ್ದರು. ಶೋಧಕದ ಗವಸನ್ನು ಸಾಬೂನಿನಿಂದ ತೊಳೆಯಲೂ ಬಾರದು, ಸ್ಪಿರಿಟ್ಟು ಸಿಂಪಡಿಸಲೂ ಬಾರದು. ಅದರಿಂದ ಎಳೆಗಳ ವಿದ್ಯುದಾವೇಶವು ಅಳಿದು, ನೋಡಲು ಶುಭ್ರವಾದರೂ ಶಕ್ತಿಯಿಲ್ಲದ ಗವಸು ಕೈಯಲ್ಲಿ ಉಳಿಯುತ್ತದೆ. ನಮ್ಮ ಕರಾವಳಿಯ ಸೆಕೆಗೆ ಬೆವರಿ ಒದ್ದೆಯಾಗುವುದರಿಂದ ಇನ್ನೊಂದು ಹೊಸತನ್ನು ಕಾಗದದ ಲಕೋಟೆಯಲ್ಲಿ ಜೊತೆಗೆ ಒಯ್ಯಬೇಕು. ಅಪಾಯಕಾಲದಲ್ಲಿ ಮೇಲಿನಿಂದ ಆಮ್ಲಜನಕದ ಬಟ್ಟಲು ಇಳಿದರೆ ಗವಸನ್ನು ತೆಗೆದು ಅದನ್ನೇ ಧರಿಸಬೇಕೆಂಬುದನ್ನು ಮರೆಯಬಾರದು.

ಬಜ್ಪೆಯಿಂದ ಮನೆಗೆ

ವಿಮಾನದಿಂದ ಇಳಿದೊಡನೆ ಪಯಣಿಗನು ನಿಟ್ಟುಸಿರು ಬಿಟ್ಟು ಗವಸನ್ನು ಕಿತ್ತು ಕಾರನ್ನು ಏರುತ್ತಾನೆ. ಕಾರಿನ ಕಿಟಕಿಗಳು ಮುಚ್ಚಿವೆ, ತಂಪು ಯಂತ್ರವು ಒಳಗಿನ ಗಾಳಿಯನ್ನೇ ಸುತ್ತಿಸುತ್ತಿದೆ, ಎದುರುಗೊಳ್ಳಲು ಮನೆಯ ನಾಲ್ವರು ಬಂದಿದ್ದಾರೆ. ಹೆಪಾ ಶೋಧಕವಿದ್ದ ವಿಮಾನಕ್ಕಿಂತ ಈ ಪುಟ್ಟ ಪೆಟ್ಟಿಗೆಯ ಗಾಳಿಯೇ ಹೆಚ್ಚು ಕೆಟ್ಟದ್ದಾಗಬಹುದು! ವಯಸ್ಸಾದವರನ್ನು ಎದುರುಗೊಳ್ಳಲು ಕರೆದೊಯ್ಯದಿರುವುದೂ, ದಾರಿಯುದ್ದಕ್ಕೂ ಕಿಟಕಿಗಳನ್ನು ತೆರೆದಿಡುವುದೂ, ಒಳಗಿರುವವರು ಗವಸನ್ನು ಧರಿಸುವುದೂ ಒಳ್ಳೆಯದು.

ಯಾವ ಗವಸೂ ನೂರಕ್ಕೆ ನೂರು ರಕ್ಷಣೆ ಕೊಡುವುದಿಲ್ಲವೆಂದು ನಮ್ಮ ಲೆಕ್ಕವೇ ತೋರಿಸಿದೆ. ಉಳಿದ ಆ ಎಂಟು ಪಾಲನ್ನು ಕಾಲದಿಂದಲೂ ಗಾಳಿಯಿಂದಲೂ ಎದುರಿಸಬೇಕು. ಮನೆಗೆ ಬಂದವರು ಮೊದಲ ನಾಲ್ಕೈದು ದಿನ ಅಜ್ಜಿಯನ್ನು ಒಳಗಿನ ಕೋಣೆಯಲ್ಲಿ ಅಲ್ಲ, ಜಗಲಿಯಲ್ಲಿ ಕಂಡು ಮಾತನಾಡಲಿ. ಒಳಗೆ ಹೋಗಬೇಕಾದಾಗ ಗವಸು ಇರಲಿ. ಗಂಟಲು ಕೆರೆದರೆ, ಮೈ ಬಿಸಿಯಾದರೆ, ಕೂಡಲೇ ದೂರವಿದ್ದು ಪರೀಕ್ಷೆ ಮಾಡಿಸಿಕೊಳ್ಳಲಿ. ಹಿರಿಯರಿಗೆ ಇನ್‌ಫ್ಲುಯೆಂಜಾದ ಲಸಿಕೆಯನ್ನು ಹಾಕಿಸುವ ಬಗ್ಗೆ ವೈದ್ಯರನ್ನು ಮುಂಚಿತವಾಗಿ ಕೇಳಿರಲಿ.

ಪರದೇಶದಿಂದ ಬರುವವರು ಹಿರಿಯರಿಗೆಂದು ಖರ್ಜೂರವನ್ನೂ ಶಾಲನ್ನೂ ತರುವುದು ವಾಡಿಕೆ. ನಿಮ್ಮ ಅಣ್ಣನೋ ಅಕ್ಕನೋ ಹೊರಡುವ ಮುನ್ನ ಫೋನಿನಲ್ಲಿ ಮಾತನಾಡುವಾಗ, ಕೆನ್ನೆಗೆ ಕೂರುವ ಗವಸೊಂದನ್ನು ಆರಿಸಿ, ಅಂಗೈಯಿಟ್ಟು ಉಸಿರು ಬಿಟ್ಟು ಪರೀಕ್ಷಿಸಿಕೊಳ್ಳುವಂತೆ ಹೇಳಿ. ಅದಕ್ಕೆ ತಗಲುವ ವೆಚ್ಚ ಕೆಲವು ರೂಪಾಯಿ, ಹಿಡಿಯುವ ಹೊತ್ತು ಒಂದು ನಿಮಿಷ.